ನಮ್ಮ ಕಡೆಯವನು

ಚಲುವಮ್ಮ ಕೊಟ್ಟ ಕಾಫಿಯನ್ನು ಬಸವಕುಮಾರ್ ಕುಡಿಯಲಿಲ್ಲ. ಲೋಟ ಹಿಡಿದುಕೊಂಡು ಅಂಗಳದಲ್ಲೇ ನಿಂತಿದ್ದ. ಜೊತೆಗೆ ಬಂದಿದ್ದ ಕಾವಲು ಸಮಿತಿಯವರೆಲ್ಲ ಒಳಗೆ ಹೋಗಿ ಚಾಪೆಯ ಮೇಲೆ ಕೂತಾಗಿತ್ತು. ಆಟೋ ಸ್ಟ್ಯಾಂಡಿನ ಮುನೀರ್ ಸಾಬ್ ಎರಡನೇ ಸಲ ಖಾರದ ಅವಲಕ್ಕಿ ಹಾಕಿಸಿಕೊಳ್ಳುತ್ತಿದ್ದದ್ದು ಕಿಟಕಿಯಿಂದ ಕಾಣುತ್ತಿತ್ತು. ಹೊಸಬರಿಗೆ ಮನೆ ಬಾಡಿಗೆ ಕೊಡುವ ಮೊದಲು ಠಾಣೆಗೆ ತಿಳಿಸಿ ಎಂದು ಹೇಳಿಕೊಂಡು ಅರಸೀಕೆರೆಯ ಬೀದಿ ಬೀದಿ ತಿರುಗುವ ಕೆಲಸ ಆವತ್ತು ಈ ಬೀದಿಗೆ ಬಂದಿತ್ತು. ಬೇರೆ ಬೀದಿಗಳಲ್ಲಿ ಎಲ್ಲರಿಗಿಂತ ಮೊದಲು ಹೊಸಿಲು ದಾಟುತ್ತಿದ್ದವನು ಸಮಿತಿಯ ಅಧ್ಯಕ್ಷನಾದ ಬಸವಕುಮಾರನೇ. ಈ ಬೀದಿಯಲ್ಲಿ ಮಾತ್ರ ಅವನಿಗೆ ಮನೆ ಮನೆಯ ಮುಂದೆಯೂ ಫೋನ್ ಬರುತ್ತಿತ್ತು.

"ಒಳಿಕ್ಕೆ ಬನ್ನಿ ಅಧ್ಯಕ್ಷರೇ, ಯಾಕಿಂಗೆ ಪರದೇಸಿ ಥರ ನಿಂತಿದ್ದೀರಿ?" ಎಂದಳು ಚಲುವಮ್ಮ. "ನಿಮ್ಮ ಅರುಣಮ್ಮ ಬಂದ್ರೆ ಸೀದಾ ಅಡಿಗೆಮನೇಗೇ ಬತ್ತದೆ. ನನ್ ಪಕ್ಕದಲ್ಲೇ ಕೂತು ಮುದ್ದೆ ಉಣ್ತದೆ. ನೀವು ನೋಡಿದ್ರೆ..."

ಅವಳು ನಕ್ಕಳು. ಗೊತ್ತಿರುವ ವಿಷಯವನ್ನು ಗೊತ್ತಿರುವವರ ಎದುರು ಹೇಳುವ ಸಲಿಗೆ ಆ ನಗುವಿನಲ್ಲಿತ್ತು. ಬಸವಕುಮಾರನಿಗೆ ಏನೂ ಗೊತ್ತಿರಲಿಲ್ಲ. ತನ್ನ ಒಬ್ಬಳೇ ಮಗಳು, ಜಾವಗಲ್ಲಿನ ಶಾಲೆಯಲ್ಲಿ ಮೇಡಂ ಆಗಿರುವ ಅರುಣಾ, ಈ ಮನೆಯ ಅಡಿಗೆಮನೆಯಲ್ಲಿ ಕೂತು ಊಟ ಮಾಡುತ್ತಾಳೆ ಎಂಬುದು ಆವತ್ತು ಆ ಅಂಗಳದಲ್ಲಿ, ಕೈಯಲ್ಲಿ ಬಿಸಿ ಲೋಟ ಹಿಡಿದುಕೊಂಡಿದ್ದಾಗ ತಿಳಿಯಿತು. ಯಾಕೆ ಕೂರುತ್ತಾಳೆ ಎಂಬುದನ್ನು ಕೇಳುವ ಅಗತ್ಯ ಇರಲಿಲ್ಲ. ಗೋಡೆಗೊರಗಿ ನಿಂತಿದ್ದ ಮಧುಕುಮಾರ್ ತಲೆ ತಗ್ಗಿಸಿದ್ದ. ಅವನು ಕಾಲೇಜಿನಲ್ಲಿ ಇತಿಹಾಸದ ಲೆಕ್ಚರರ್, ಚಲುವಮ್ಮನ ಮಗ, ನೋಡಲು ಲಕ್ಷಣವಾಗಿದ್ದ, ಒಂದೂ ಕೆಟ್ಟ ಚಟ ಇರಲಿಲ್ಲ. ಬಸವಕುಮಾರ್ ಕಾಫಿಯನ್ನು ಯಾರಿಗೂ ಕಾಣದಂತೆ ಕನಕಾಂಬರದ ಗಿಡದ ಬುಡಕ್ಕೆ ಸುರಿದು, ಲೋಟವನ್ನು ಕಟ್ಟೆಯ ಮೇಲಿಟ್ಟು, "ಬಿಸಿಲು ಕಣಮ್ಮ, ಇನ್ನೊಂದಿನ ಬರ್ತೀನಿ" ಎಂದು ಹೊರಟುಬಿಟ್ಟ.

ಮನೆಯಲ್ಲಿ ಅವನು ಕೂಗಾಡಲಿಲ್ಲ. ಮಗಳನ್ನು ಕರೆದು ಕೇಳಿದ. ಅವಳು ಹೌದು ಎಂದಳು.

"ಅವರ ಮನೇಲಿ ಬುದ್ಧ, ನಮ್ಮನೇಲಿ ಬಸವಣ್ಣ. ಇಬ್ಬರೂ ಜಾತಿ ಬೇಡ ಅಂದೋರೇ ಅಲ್ವೇನಪ್ಪ? ನೀನೇ ಸಮಿತಿ ಮೀಟಿಂಗಲ್ಲಿ ಎಲ್ಲರೂ ಒಂದೇ ಅಂತೀಯ."

ಮೀಟಿಂಗಿನಲ್ಲಿ ಹೇಳಿದ್ದನ್ನು ಮನೆಗೆ ತಂದರೆ ಹೇಗೆ ಎಂದು ಅವನಿಗೆ ಸಿಟ್ಟು ನೆತ್ತಿಗೇರಿತು. ಆದರೂ ನುಂಗಿಕೊಂಡ. ಮಠದ ಸ್ವಾಮಿಗಳು, ಮಂಡಿಯ ಸಾಹುಕಾರರು, ಹೆಂಡತಿ ಕಡೆಯ ನೆಂಟರು, ಒಬ್ಬೊಬ್ಬರ ಮುಖವೂ ಕಣ್ಣ ಮುಂದೆ ಬಂತು. ಅವರೆಲ್ಲ ನಗುವುದು ಬೇಡ, ಸುಮ್ಮನೆ ನೋಡಿದರೂ ಸಾಕು, ತಾನು ಸತ್ತ ಹಾಗೆ ಎಂದುಕೊಂಡ. ಮಗಳಿಗೆ ಬೈದರೆ ನಾಳೆಯೇ ರಿಜಿಸ್ಟರ್ ಆಫೀಸಿಗೆ ಹೋಗುತ್ತಾಳೆ. ಹುಡುಗನನ್ನು ಹೊಡೆಸಿದರೆ ಅನುಮಾನ ನೇರ ತನ್ನ ಮೇಲೆ. ಮಗಳೇ ಅವನ ಮುಖ ನೋಡದಂತಾಗಬೇಕು. ಊರೇ ಅವನನ್ನು ಉಗಿದು ಕಳಿಸಬೇಕು. ಆಗ ತಾನು ಮಗಳ ತಲೆ ಸವರಿ ಸಮಾಧಾನ ಹೇಳಬೇಕು.

ಕೊಬ್ಬರಿ ವ್ಯಾಪಾರದವನಿಗೆ ಕಾಯುವುದು ಹೊಸದಲ್ಲ. ಅಟ್ಟದ ಮೇಲೆ ಸುರಿದ ತೆಂಗಿನಕಾಯಿ ವರ್ಷ ಕಳೆಯುವ ತನಕ ಹಾಗೇ ಬಿದ್ದಿರಬೇಕು. ಒಳಗಿನ ನೀರು ತಾನಾಗಿಯೇ ಇಂಗಿ, ಕಾಯಿ ಕೊಬ್ಬರಿಯಾಗಿ, ಅಲ್ಲಾಡಿಸಿದರೆ ಗಡಗಡ ಅನ್ನಬೇಕು. ಅವಸರಪಟ್ಟು ಒಡೆದರೆ ಅದು ಕಾಯಿಯೂ ಅಲ್ಲ, ಕೊಬ್ಬರಿಯೂ ಅಲ್ಲ. ಬಸವಕುಮಾರ್ ಅವಸರಪಡಲಿಲ್ಲ. ಅವನ ಕೈಯಲ್ಲಿ ಬೇರೆ ಯಾರಿಗೂ ಇಲ್ಲದ ಒಂದು ಸಾಧನ ಇತ್ತು. ಅದನ್ನು ಊರೇ ಸೇರಿ ಅವನಿಗೆ ಕೊಟ್ಟಿತ್ತು.

ಕಾವಲು ಸಮಿತಿ ಹುಟ್ಟಿದ್ದು ಒಂದು ಭಯದಿಂದ. ದೂರದ ಊರೊಂದರಲ್ಲಿ ಬಾಂಬ್ ಸಿಡಿದು ಜನ ಸತ್ತಿದ್ದರು. ಅದನ್ನಿಟ್ಟವನು ಅರಸೀಕೆರೆ ಜಂಕ್ಷನ್ನಿನಲ್ಲಿ ರೈಲು ಬದಲಾಯಿಸಿ, ಪ್ಲಾಟ್‌ಫಾರಂನಲ್ಲಿ ಇಡ್ಲಿ ತಿಂದು ಹೋಗಿದ್ದನಂತೆ. ಆ ಸುದ್ದಿ ಬಂದ ವಾರ ಸಂತೆಯಲ್ಲಿ ಒಬ್ಬರನ್ನೊಬ್ಬರು ಮಾತಾಡಿಸದೆ ವ್ಯಾಪಾರ ಮಾಡಿದರು. ಆಟೋದವರು ಗಿರಾಕಿಯ ಹೆಸರು ಕೇಳಿ ಹತ್ತಿಸಿಕೊಳ್ಳತೊಡಗಿದರು. ಹೀಗೇ ಬಿಟ್ಟರೆ ಬಾಂಬಿಲ್ಲದೆಯೇ ಊರು ಹಾಳಾಗುತ್ತದೆ ಎಂದು ಮುನೀರ್ ಸಾಬ್ ಬಸವಕುಮಾರನ ಕೊಬ್ಬರಿ ಮಂಡಿಗೆ ಬಂದು ಕೂತಿದ್ದರು.

"ನಮ್ಮ ಕಡೆ ಹುಡುಗ ತಪ್ಪು ದಾರಿ ಹಿಡಿದ್ರೆ ನಾವೇ ಕೈಹಿಡಿದು ಸ್ಟೇಷನ್ನಿಗೆ ಕರ್ಕೊಂಡೋಗ್ತೀವಿ ಅಣ್ಣ. ನಿಮ್ಮ ಕಡೆಯವನಾದ್ರೆ ನೀವು ಕರ್ಕೊಂಡೋಗಿ. ನಮ್ಮೋನು ಅಂತ ಯಾರೂ ವಕಾಲತ್ತು ಹಾಕೋದು ಬೇಡ. ಇಷ್ಟು ಮಾಡಿದ್ರೆ ಊರು ಉಳೀತದೆ."

ಆ ಮಾತೇ ಸಮಿತಿಯ ಮೊದಲ ನಿಯಮವಾಯಿತು. ಮುನೀರ್ ಸಾಬ್ ಬರೀ ಮಾತಾಡಲಿಲ್ಲ. ವಿಷ ಕಾರುವ ವಿಡಿಯೋ ಹಂಚುತ್ತಿದ್ದ ತಂಗಿಯ ಮಗನನ್ನು ತಾವೇ ಆಟೋದಲ್ಲಿ ಕೂರಿಸಿಕೊಂಡು ಠಾಣೆಗೆ ಬಿಟ್ಟುಬಂದರು. ತಂಗಿ ಎರಡು ಹಬ್ಬ ಅವರ ಮನೆಗೆ ಬರಲಿಲ್ಲ. ಊರು ಮಾತ್ರ ಮತ್ತೆ ಮಾತಾಡತೊಡಗಿತು. ಅರಸೀಕೆರೆಯಿಂದ ಜಾವಗಲ್, ಹಳೇಬೀಡು, ಬೇಲೂರು, ಬಸ್ಸು ಹೋಗುವ ದಾರಿಯ ಉದ್ದಕ್ಕೂ ಸಮಿತಿಗೆ ಜನ ಸೇರಿದರು. ಹಳೇಬೀಡಿನ ದೇವಸ್ಥಾನದ ಮುಂದೆ ಎಳನೀರು ಮಾರುವವರು, ಫೋಟೋ ತೆಗೆಯುವವರು, ಗೈಡುಗಳು ಎಲ್ಲರ ಕೊರಳಲ್ಲೂ ಸಮಿತಿಯ ಸೀಟಿ ನೇತಾಡುತ್ತಿತ್ತು. ಅಲ್ಲಿ ರಜಾದಿನಗಳಲ್ಲಿ ಪ್ರವಾಸಿಗಳ ಬ್ಯಾಗು ನೋಡುವ ತಂಡಕ್ಕೆ ಹಿರಿಯ ಗಂಗಯ್ಯ. ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರಾಗಿ ರಿಟೈರಾದವನು, ಆ ದಾರಿಯ ಪ್ರತಿಯೊಬ್ಬರಿಗೂ ಪರಿಚಿತ, ಸುಳ್ಳು ಹೇಳಲು ಬಾರದ ಮನುಷ್ಯ. ಚಲುವಮ್ಮನ ಗಂಡ, ಮಧುಕುಮಾರನ ಅಪ್ಪ.

ಇವೆಲ್ಲ ಒಳ್ಳೆಯದೇ ಆಗಿತ್ತು. ಬಸವಕುಮಾರನಿಗೂ ಅದು ಗೊತ್ತಿತ್ತು. ಒಳ್ಳೆಯ ಕೆಲಸ ಮಾಡಿ ಗಳಿಸಿದ ನಂಬಿಕೆಗೆ ಇರುವ ಶಕ್ತಿ ಬೇರೆ ಯಾವುದಕ್ಕೂ ಇಲ್ಲ ಎಂಬುದನ್ನು ಅವನು ಇಷ್ಟು ದಿನ ಗಮನಿಸಿರಲಿಲ್ಲ, ಈಗ ಗಮನಿಸಿದ.

ಮೊದಲು ಮಾಡಿದ್ದು ಮಧುಕುಮಾರನ ಪರವಾಗಿ ಮಾತಾಡುವ ಕೆಲಸ. ಯಾರೂ ಏನೂ ಕೇಳದಿದ್ದಾಗಲೇ ಮೀಟಿಂಗಿನ ಕೊನೆಗೆ ಕಾಫಿ ಕುಡಿಯುತ್ತಾ, "ಗಂಗಯ್ಯನ ಮಗ ವರ್ಷಾವರ್ಷ ನಾಗಪುರಕ್ಕೆ ಹೋಗ್ತಾನಂತೆ, ದೀಕ್ಷಾಭೂಮಿಗೆ. ಹೋಗ್ಲಿ ಬಿಡ್ರಪ್ಪ, ಅವನ ನಂಬಿಕೆ. ಅದರಲ್ಲಿ ತಪ್ಪು ಹುಡುಕಬಾರದು" ಎಂದ. ಅಲ್ಲಿಯ ತನಕ ಯಾರೂ ತಪ್ಪು ಹುಡುಕಿರಲಿಲ್ಲ. ಇನ್ನೊಂದು ವಾರ, "ಅವನ ರೂಮಿಗೆ ಹುಡುಗರು ಬಂದು ಹೋಗ್ತಾರೆ ಅಂತ ಯಾರೋ ಅಂದ್ರು. ನಾನು ಬೈದೆ. ಮೇಷ್ಟ್ರ ಹತ್ರ ಹುಡುಗರು ಬರದೆ ಇನ್ಯಾರು ಬರ್ತಾರೆ?" ಎಂದ. ಹೀಗೆ ಬೈದು ಬೈದು, ಕಾಪಾಡಿ ಕಾಪಾಡಿ, ಮಳೆಗಾಲ ಮುಗಿಯುವ ಹೊತ್ತಿಗೆ ಮಾರ್ಕೆಟ್ಟಿನ ಅರ್ಧ ಜನ ಮಧುಕುಮಾರನನ್ನು ಕಂಡರೆ ಮಾತು ನಿಲ್ಲಿಸುವಂತೆ ಮಾಡಿದ. ಅಧ್ಯಕ್ಷರು ಎಷ್ಟು ದೊಡ್ಡ ಮನಸ್ಸಿನವರು ಎಂದೂ ಅವರೇ ಹೇಳಿಕೊಂಡರು.

ಎರಡನೆಯದು ಸಾಮಾನು. ಅವನ ಅಪ್ಪ ನಂಜಪ್ಪ ಬದುಕಿದ್ದಾಗ ಜಾವಗಲ್ ಹತ್ತಿರದ ತೋಟದಲ್ಲಿ ಬಾವಿ ತೋಡಿಸಿದ್ದರು. ಬಂಡೆ ಸಿಡಿಸಲು ತಂದ ಮದ್ದಿನ ಕಡ್ಡಿ ನಾಲ್ಕಾರು ಉಳಿದು, ಗೋದಾಮಿನ ಅಟ್ಟದ ಮೂಲೆಯ ಟ್ರಂಕಿನಲ್ಲಿ ಹಾಗೇ ಬಿದ್ದಿದ್ದವು. ಮನೆಯವರು ಮರೆತೇಬಿಟ್ಟಿದ್ದರು. ಅದು ಸಿಡಿಯುವ ಸ್ಥಿತಿಯಲ್ಲಿ ಇರಲಿಲ್ಲ, ಸಿಡಿಯುವುದು ಅವನಿಗೆ ಬೇಕಾಗಿಯೂ ಇರಲಿಲ್ಲ. ಯಾರಿಗೂ ಒಂದು ಗೀರೂ ಆಗಬಾರದು. ಒಂದು ಹಳೆಯ ಟೈಂಪೀಸು, ಒಂದಷ್ಟು ವೈರು ಜೊತೆಗಿದ್ದರೆ ನೋಡಿದವರ ಎದೆ ಧಸಕ್ ಅನ್ನುತ್ತದೆ, ಅಷ್ಟು ಸಾಕು. ತಾನು ಕೊಲೆಗಡುಕನಲ್ಲ, ಮಗಳನ್ನು ಉಳಿಸಿಕೊಳ್ಳುವ ಅಪ್ಪ ಎಂದು ಬಸವಕುಮಾರ್ ತನಗೆ ತಾನೇ ಹೇಳಿಕೊಂಡ. ನಂಬಿಯೂ ನಂಬಿದ.

ಮೂರನೆಯದು ಚೀಲ. ಮನೆಯ ಹಳೆಯ ಚೀಲ ಯಾರ ಕಣ್ಣಿಗಾದರೂ ಗುರುತು ಸಿಕ್ಕೀತು. ಅದಕ್ಕೆ ಹಾಸನಕ್ಕೆ ಹೋದಾಗ ಬಸ್ ಸ್ಟ್ಯಾಂಡಿನ ಗದ್ದಲದಲ್ಲಿ, ನೆಲದ ಮೇಲೆ ರಾಶಿ ಹಾಕಿ ಮಾರುವವನ ಹತ್ತಿರ ಕಪ್ಪು ರೆಕ್ಸಿನ್ನಿನ ಒಂದು ಸಣ್ಣ ಜಿಪ್ ಚೀಲ ಕೊಂಡ. ಅಂಥದ್ದು ಊರಿಗೆ ನೂರು ಜನರ ಕೈಯಲ್ಲಿದೆ. ಮನೆಗೆ ತಂದು ಬಚ್ಚಿಡಲಿಲ್ಲ. ಬಚ್ಚಿಟ್ಟದ್ದನ್ನು ಜನ ಹುಡುಕುತ್ತಾರೆ, ಎದುರಿಗಿಟ್ಟದ್ದನ್ನು ಯಾರೂ ನೋಡುವುದಿಲ್ಲ ಎಂಬುದು ಸಮಿತಿಯ ತರಬೇತಿಯಲ್ಲಿ ಅವನೇ ಹೇಳಿಕೊಟ್ಟ ಪಾಠ. ದೇವರ ಮನೆಯ ಪಕ್ಕದ ಗೂಟಕ್ಕೆ ನೇತುಹಾಕಿ, ಸ್ನಾನ ಮುಗಿಸಿ, ಲಿಂಗಪೂಜೆ ಮಾಡಿ, ತಿಂಡಿ ತಿಂದು, ಚೀಲ ಹೆಗಲಿಗೇರಿಸಿಕೊಂಡು ಗೋದಾಮಿಗೆ ಹೋದ.

ಹೆಂಡತಿ ಸುವರ್ಣಮ್ಮ ಏನಾದರೂ ಕೇಳುತ್ತಾಳೆಂಬ ಭಯ ಇರಲಿಲ್ಲ. ಅವಳು ಕೇಳುವ ಹೆಂಗಸಲ್ಲ. ಅವಳದು ಒಂದೇ ಹುಚ್ಚು, ವಿಭೂತಿ. ಮಠದಿಂದ ತಂದ ಗಟ್ಟಿಯನ್ನು ನೀರಿನಲ್ಲಿ ತೇಯ್ದು, ಸೋಮವಾರ ಬಂತೆಂದರೆ ಮಂಡಿಯ ಬಾಗಿಲು, ತಕ್ಕಡಿ, ಗಲ್ಲಾಪೆಟ್ಟಿಗೆ ಎಲ್ಲದಕ್ಕೂ ಮೂರು ಬೆರಳಲ್ಲಿ ಎಳೆಯುತ್ತಿದ್ದಳು. ಮದುವೆಯಾದ ಹೊಸದರಲ್ಲಿ ಕಾಯಿ ಒಡೆಯುವಾಗ ಮಚ್ಚು ಜಾರಿ ಬಲಗೈ ಉಂಗುರದ ಬೆರಳಿನ ತುದಿ ಹೋಗಿದ್ದರಿಂದ ಮೇಲಿನೆರಡು ಗೆರೆ ಪೂರ್ತಿ ಬಂದು ಕೆಳಗಿನದು ಅರ್ಧಕ್ಕೇ ನಿಲ್ಲುತ್ತಿತ್ತು. ಮಂಡಿಯ ಮಹಡಿಯಲ್ಲಿ ಸಮಿತಿಯ ಆಫೀಸು ಮಾಡಿ ಹೊಸ ಬೀರು ತಂದಾಗ ಅದಕ್ಕೂ ಎಳೆದಿದ್ದಳು. ಎಲ್ಲ ಜಾತಿಯವರು ಬರುವ ಜಾಗ, ಇದೇನು ಎಂದು ಬಸವಕುಮಾರ್ ಎಲ್ಲರೆದುರು ರೇಗಿದ್ದ. "ಇರ್ಲಿ ಬಿಡಿ ಅಣ್ಣ, ಅಕ್ಕನ ಕೈಯಿಂದು. ನಮಗೇನು ಬೇಜಾರಿಲ್ಲ" ಎಂದು ಮುನೀರ್ ಸಾಬರೇ ಉಳಿಸಿದ್ದರು. ಅವತ್ತು ಮನೆಗೆ ಬಂದು ಅವನು ಇನ್ನೊಮ್ಮೆ ಬೈದಿದ್ದ. ಹೊಸ ಮೊಬೈಲಿಗೂ ಬಳಿದು ಅದರ ತೂತೆಲ್ಲ ಮುಚ್ಚಿದ್ದ ಸಿಟ್ಟೂ ಸೇರಿಕೊಂಡಿತ್ತು. ಸುವರ್ಣಮ್ಮ ಮಾತ್ರ ಮುನೀರ್ ಸಾಬರ ಮಾತು ಹಿಡಿದು ಸೋಮವಾರ ಸೋಮವಾರ ಬೀರುವಿಗೆ ಎಳೆಯುವುದನ್ನು ಬಿಟ್ಟಿರಲಿಲ್ಲ.

ಗೋದಾಮಿನ ಅಟ್ಟದಲ್ಲಿ, ಒಣಗುತ್ತಿದ್ದ ಕಾಯಿಗಳ ನಡುವೆ ಕೂತು ಬಸವಕುಮಾರ್ ಕೆಲಸ ಮುಗಿಸಿದ. ಹೆಂಚಿನ ಸಂದಿಯಿಂದ ಬರುವ ಬೆಳಕು ಅವನಿಗೆ ಸಾಕಾಯಿತು. ಕೈಗೆ ಗ್ಲೌಸು ಹಾಕಿಕೊಂಡಿದ್ದ. ಸಾಮಾನನ್ನು ಜಿಪ್ಪಿನೊಳಗೆ ತುರುಕಿ, ಚೀಲದ ಹೊರಮೈಯನ್ನು ಸೀಮೆಎಣ್ಣೆ ಬಟ್ಟೆಯಲ್ಲಿ ಮೂಲೆ ಮೂಲೆಯೂ ಒರೆಸಿದ. ಟೈಂಪೀಸು ಅಪ್ಪನ ಕಾಲದ್ದು, ನಿಂತು ಎಷ್ಟೋ ಕಾಲವಾಗಿತ್ತು. ಅದನ್ನು ಒಳಗಿಡುವಾಗ ಮಾತ್ರ ಅಪ್ಪ ಬೆಳಗಿನ ಜಾವ ಅದರ ಕಿವಿ ತಿರುಗಿಸುತ್ತಿದ್ದದ್ದು ನೆನಪಾಗಿ ಒಂದು ಕ್ಷಣ ಕೈ ನಿಂತಿತು. ಆಮೇಲೆ ಜಿಪ್ ಎಳೆದ.

ಯೋಜನೆಯ ಜೀವಾಳ ಇದ್ದದ್ದು ನಾಲ್ಕನೆಯದರಲ್ಲಿ. ಮಧುಕುಮಾರ್ ಪ್ರತಿವರ್ಷ ತನ್ನ ವಿದ್ಯಾರ್ಥಿಗಳನ್ನು ಹಳೇಬೀಡಿಗೆ ಕರೆದೊಯ್ದು, ಗೋಡೆಯ ಸಾಲುಗಳನ್ನು ತೋರಿಸಿ, ಮಕ್ಕಳ ಕೈಯಲ್ಲಿ ಚಿತ್ರ ಬರೆಸುತ್ತಿದ್ದ. ಹೊರಡುವ ಮೊದಲು ಅರಸೀಕೆರೆ ಬಸ್ ಸ್ಟ್ಯಾಂಡಿನಲ್ಲಿ ಸಮಿತಿಯವರು ಬ್ಯಾಗು ನೋಡುತ್ತಾರೆ, ಹಳೇಬೀಡಿನ ದೇವಸ್ಥಾನದ ಬಾಗಿಲಲ್ಲಿ ಇನ್ನೊಮ್ಮೆ ನೋಡುತ್ತಾರೆ. ಅರಸೀಕೆರೆಯಲ್ಲಿ ನೋಡುವ ಕೈ ತನ್ನದು. ಹಳೇಬೀಡಿನಲ್ಲಿ ನೋಡುವ ಕೈ ಗಂಗಯ್ಯನದು. ನೋಡುವವನೇ ಇಡುತ್ತಾನೆಂದು ಲೋಕದಲ್ಲಿ ಯಾರು ಊಹಿಸುತ್ತಾರೆ? ಹೊರಡುವಾಗ ಬ್ಯಾಗು ಚೊಕ್ಕವಾಗಿತ್ತು, ನಾನೇ ನೋಡಿದ್ದೆ, ಜಾವಗಲ್ಲಿನಲ್ಲಿ ಟೀಗೆ ಇಳಿದಿದ್ದಾಗ ಯಾರೋ ಕೊಟ್ಟಿರಬೇಕು ಎಂದು ತಾನು ಹೇಳಿದರೆ ಅನುಮಾನ ಹುಡುಗನ ಮೇಲೆ ಇನ್ನೂ ಬಿಗಿಯಾಗುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಹೆತ್ತ ಅಪ್ಪನೇ ಹಿಡಿದುಕೊಟ್ಟ ಮೇಲೆ ಅದನ್ನು ಸುಳ್ಳು ಎನ್ನುವವರು ಯಾರು? ಇದು ಹೊಳೆದ ದಿನ ಬಸವಕುಮಾರ್ ತನ್ನ ಬುದ್ಧಿಗೆ ತಾನೇ ಬೆರಗಾಗಿದ್ದ.

ಎಲ್ಲವೂ ಹಾಗೇ ನಡೆಯಿತು. ಬಸ್ ಸ್ಟ್ಯಾಂಡಿನ ಕ್ಯಾಮರಾ ಯಾವ ಕಂಬದಲ್ಲಿದೆ, ಯಾವ ಕಂಬ ಅದಕ್ಕೆ ಅಡ್ಡ ಬರುತ್ತದೆ ಎಂಬುದು ಅದನ್ನು ಹಾಕಿಸಿದವನಿಗೆ ಗೊತ್ತಿತ್ತು. ವಿದ್ಯಾರ್ಥಿಗಳ ಕಲರವದ ನಡುವೆ ಮಧುಕುಮಾರನ ಬ್ಯಾಗಿನ ಬಾಯಿ ಬಿಡಿಸಿ, ಅಳತೆ ಟೇಪು, ಡ್ರಾಯಿಂಗ್ ಹಾಳೆ, ಚಲುವಮ್ಮ ಕಟ್ಟಿಕೊಟ್ಟ ಚಪಾತಿ ಡಬ್ಬಿ ಎಲ್ಲವನ್ನೂ ಅತ್ತಿತ್ತ ಸರಿಸಿ, ತನ್ನ ಶಾಲಿನ ಕೆಳಗಿನಿಂದ ಚೀಲವನ್ನು ತಳಕ್ಕೆ ಜಾರಿಸಿದ.

"ಸರ್, ನಿಮ್ಮ ಹತ್ರ ಒಂದಿನ ಕೂತು ಮಾತಾಡ್ಬೇಕು. ಅರುಣಾ ವಿಷಯ. ನೀವು ಹೂಂ ಅನ್ನೋ ತನಕ ನಾವು ಕಾಯ್ತೀವಿ, ಅವಸರ ಇಲ್ಲ" ಎಂದ ಮಧುಕುಮಾರ್, ಮೆಲ್ಲಗೆ.

"ಹೋಗಿ ಬಾರಪ್ಪ, ಮಾತಾಡಣ" ಎಂದು ಬಸವಕುಮಾರ್ ಅವನ ಬೆನ್ನು ತಟ್ಟಿದ.

ಆಮೇಲೆ ಮಂಡಿಗೆ ಹೋಗಿ, ಹತ್ತು ಜನರ ಎದುರು ಕೂತು ಕೊಬ್ಬರಿ ಹರಾಜು ನೋಡಿದ. ಅವನು ಅಂದುಕೊಂಡದ್ದು ಇಷ್ಟು: ಗಂಗಯ್ಯ ಸೀಟಿ ಊದುತ್ತಾನೆ, ಪೊಲೀಸರು ಬರುತ್ತಾರೆ, ಹುಡುಗನನ್ನು ಕರೆದೊಯ್ಯುತ್ತಾರೆ. ಒಂದೆರಡು ಏಟು ಬೀಳಬಹುದು, ಬೀಳಲಿ. ಗಂಗಯ್ಯ ಸೀಟಿ ಊದಿದ. ಮಗನ ಬ್ಯಾಗಿನಿಂದ ಬಂದ ಕಪ್ಪು ಚೀಲದ ಜಿಪ್ಪು ತೆರೆದು ನೋಡಿ, ಸಮಿತಿ ಕಲಿಸಿದಂತೆ ಮೂರು ಸಲ ಊದಿದ. ಆವತ್ತು ರಜೆ, ದೇವಸ್ಥಾನದ ಮುಂದೆ ಜಾತ್ರೆಯಷ್ಟು ಜನ. ಪೊಲೀಸರಿಗಿಂತ ಮೊದಲು ಜನ ಬಂದರು. ಸೀಟಿ ಕೇಳಿದರೆ ಓಡಿಬನ್ನಿ ಎಂದು ಬಸವಕುಮಾರನೇ ಹೇಳಿಕೊಟ್ಟಿದ್ದ ಜನ, ಎಳನೀರಿನ ಮಚ್ಚಿನ ಹಿಡಿಯಿಂದ, ಕಲ್ಲಿನಿಂದ, ಕ್ಯಾಮರಾದ ಕಬ್ಬಿಣದ ಸ್ಟ್ಯಾಂಡಿನಿಂದ ಮಧುಕುಮಾರನನ್ನು ಹೊಡೆದರು. ಅವನ ವಿದ್ಯಾರ್ಥಿಗಳು ಅಡ್ಡ ಬಂದರು, ಅವರಿಗೂ ಬಿತ್ತು. ಸಿಕ್ಕ ವಸ್ತುವಿನ ಹತ್ತಿರ ಯಾರನ್ನೂ ಬಿಡಬಾರದು, ಪೊಲೀಸರು ಬರುವ ತನಕ ಜಾಗ ಬಿಟ್ಟು ಕದಲಬಾರದು ಎಂಬುದು ಸಮಿತಿಯ ಇನ್ನೊಂದು ನಿಯಮ. ಗಂಗಯ್ಯ ಕದಲಲಿಲ್ಲ. ಚೀಲದ ಸುತ್ತ ಹಗ್ಗ ಕಟ್ಟಿಕೊಂಡು, ಜನರನ್ನು ದೂರ ತಳ್ಳುತ್ತಾ, "ಅಪ್ಪಾ, ನಂಗೊತ್ತಿಲ್ಲ ಅಪ್ಪಾ" ಎಂದು ಮಗ ಕೂಗುವುದನ್ನು ಕೂಗು ನಿಲ್ಲುವ ತನಕ ಕೇಳಿಸಿಕೊಂಡು ಅಲ್ಲೇ ನಿಂತಿದ್ದ.

ಮಧುಕುಮಾರ್ ಸಾಯಲಿಲ್ಲ. ಹಾಸನದ ಆಸ್ಪತ್ರೆಯಲ್ಲಿ, ಬಾಗಿಲಿಗೆ ಪೊಲೀಸ್ ಕಾವಲಿಟ್ಟು ಮಲಗಿಸಿದರು. ಒಂದು ಕಣ್ಣು ಹೋಯಿತು, ತಲೆಗೆ ಬಿದ್ದ ಏಟಿಗೆ ಮಾತೂ ಹೋಯಿತು, ಬರುವ ಭರವಸೆ ಇಲ್ಲ ಎಂದರು ಡಾಕ್ಟರು. ಕಾಲೇಜಿನವರು ಕೆಲಸದಿಂದ ತೆಗೆದರು. ಚಲುವಮ್ಮನ ಅಂಗಳಕ್ಕೆ ಯಾರೋ ಕಲ್ಲು ತೂರಿದರು. ಅವಳ ಬೀದಿಯವರೇ ಅವಳ ಮನೆಗೆ ಹೋಗುವುದನ್ನು ಬಿಟ್ಟರು, ಏಕೆಂದರೆ ನಮ್ಮವರು ಎಂದು ವಕಾಲತ್ತು ಹಾಕಬಾರದೆಂಬುದು ಅವರೂ ಒಪ್ಪಿದ್ದ ಮಾತು. ಬೇರೆಯವರ ಹುಡುಗನನ್ನು ಹಿಡಿದಾಗ ಚಪ್ಪಾಳೆ ತಟ್ಟಿದ್ದವರು ಈಗ ಯಾವ ಬಾಯಲ್ಲಿ ಮಾತಾಡಿಯಾರು?

ಇಷ್ಟೆಲ್ಲ ಆಗುತ್ತದೆಂದು ಬಸವಕುಮಾರ್ ಅಂದುಕೊಂಡಿರಲಿಲ್ಲ. ಎರಡು ದಿನ ಅನ್ನ ಸೇರಲಿಲ್ಲ. ಅದು ಪಶ್ಚಾತ್ತಾಪವಲ್ಲ, ಲೆಕ್ಕ ತಪ್ಪಿದ ಕಸಿವಿಸಿ. ಹೊಡೆದದ್ದು ತಾನಲ್ಲ, ಜನ ಎಂದುಕೊಂಡ ಮೇಲೆ ಅದೂ ಇಳಿಯಿತು. ಇಳಿಯದೆ ಉಳಿದದ್ದು ಒಂದೇ. ಸುದ್ದಿ ಬಂದ ಸಂಜೆಯೇ ಅರುಣಾ ಒಂದು ಜೊತೆ ಬಟ್ಟೆ ತೆಗೆದುಕೊಂಡು ಹಾಸನಕ್ಕೆ ಹೋಗಿಬಿಟ್ಟಿದ್ದಳು. ಒಳಗೆ ಬಿಡದಿದ್ದರೂ ಆಸ್ಪತ್ರೆಯ ವರಾಂಡದಲ್ಲಿ ಚಲುವಮ್ಮನ ಪಕ್ಕ ಕೂತಿರುತ್ತಾಳೆ ಎಂದು ನೋಡಿಬಂದವರು ಹೇಳಿದರು. ಬಸವಕುಮಾರ್ ಫೋನ್ ಮಾಡಿದಾಗ ಅವಳು ಒಂದೇ ಮಾತು ಹೇಳಿದಳು.

"ಅವನು ಮಾಡಿಲ್ಲಪ್ಪ. ನಿನ್ನ ಸಮಿತಿಗೆ ಹೇಳು."

"ನಿಯಮ ಇದೆ ಕಣಮ್ಮ, ನಾನು ಹೆಂಗೆ ಹೇಳ್ಲಿ?" ಎಂದ ಅವನು. ಫೋನ್ ಕಟ್ಟಾಯಿತು. ಬರುತ್ತಾಳೆ, ಎಷ್ಟು ದಿನ ಕೂರುತ್ತಾಳೆ ಎಂದುಕೊಂಡ. ಕಾಯುವುದು ತನಗೆ ಗೊತ್ತು.

ಮುಂದಿನ ಮಂಗಳವಾರ ಹೊಸ ಇನ್ಸ್‌ಪೆಕ್ಟರು ಪತ್ರಿಕೆಯವರನ್ನು ಕರೆದರು. ಜನರೇ ಪತ್ತೆಹಚ್ಚಿದ ಕೇಸು, ಆದ್ದರಿಂದ ಜನರ ಜಾಗದಲ್ಲೇ ಆಗಲಿ ಎಂದು ಠಾಣೆಯ ಬದಲು ಮಂಡಿಯ ಮಹಡಿಯ ಸಮಿತಿ ಆಫೀಸಿನಲ್ಲಿ ಮೇಜು ಹಾಕಿಸಿದರು. ಗಂಗಯ್ಯನನ್ನೂ ಕರೆಸಿದ್ದರು. ಅವನಿಗೆ ಶಾಲು ಹೊದಿಸಿ, ಮಗನಿಗಿಂತ ದೇಶ ದೊಡ್ಡದೆಂದ ತಂದೆ ಎಂದರು. ಗಂಗಯ್ಯ ಕ್ಯಾಮರಾಗಳನ್ನು ನೋಡಲಿಲ್ಲ. ಶಾಲು ಭುಜದಿಂದ ಜಾರಿದ್ದೂ ಅವನಿಗೆ ತಿಳಿಯಲಿಲ್ಲ. ಪಕ್ಕದಲ್ಲಿ ನಿಂತಿದ್ದ ಬಸವಕುಮಾರ್ ಅದನ್ನು ಎತ್ತಿ ಮತ್ತೆ ಹೊದಿಸಿದ. ಫೋಟೋದವರಿಗೆ ಅದು ಚೆನ್ನಾಗಿ ಸಿಕ್ಕಿತು. ಮೆಟ್ಟಿಲ ಕಡೆಯಿಂದ ಕಾಫಿಯ ವಾಸನೆ ಬಂತು. ಕೆಳಗೆ ಸುವರ್ಣಮ್ಮ ಎಲ್ಲರಿಗೂ ಕಾಫಿ ಮಾಡುತ್ತಿದ್ದಳು. ಮುಗಿಯಿತು, ಇನ್ನು ಯಾರೂ ಇದನ್ನು ಬಿಚ್ಚಲಾರರು ಎಂದು ಬಸವಕುಮಾರ್ ಮೊದಲ ಸಲ ಎದೆತುಂಬ ಉಸಿರೆಳೆದ.

ಇನ್ಸ್‌ಪೆಕ್ಟರು ಖಾಲಿ ಮಾಡಿದ್ದ ಕಪ್ಪು ಚೀಲವನ್ನು ಮೇಜಿನ ಮೇಲಿಟ್ಟು, ಅದರ ಒಳಜೇಬಿನ ಮುಚ್ಚಳವನ್ನು ಹೊರಕ್ಕೆ ಮಗುಚಿ ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರು. "ಇಲ್ಲೊಂದು ಗುರುತು ಸಿಕ್ಕಿದೆ. ಮೊದಲು ವಿಭೂತಿ ಅಂದ್ಕೊಂಡ್ವಿ. ಆದರೆ ಗೆರೆ ಮೂರಿಲ್ಲ, ಎರಡು ಪೂರ್ತಿ, ಒಂದು ಅರ್ಧ. ಆರೋಪಿ ಮನೇಲಿ ವಿಭೂತಿ ಇಡೋ ಪದ್ಧತಿನೂ ಇಲ್ಲ. ಹಾಗಾಗಿ ಇದು ಅವರ ಸಂಘಟನೆಯ ಸಂಕೇತ ಅಂತ ಅನುಮಾನ. ಇಂಥದ್ದನ್ನ ಎಲ್ಲಾದ್ರೂ ನೋಡಿದ್ರೆ ಯಾರಿಗೂ ಹೆದರದೆ ಹೇಳಿ." ಎಲ್ಲರ ಕಣ್ಣೂ ಇನ್ಸ್‌ಪೆಕ್ಟರ ಭುಜದ ಹಿಂದಿದ್ದ ಬೀರುವಿನ ಮೇಲಿತ್ತು. ನಿನ್ನೆ ಸೋಮವಾರ ಹೊಸದಾಗಿ ಎಳೆದ ಬಿಳಿ ಗೆರೆ, ಎರಡು ಪೂರ್ತಿ, ಒಂದು ಅರ್ಧ. ಅದೇ ಹೊತ್ತಿಗೆ ಸುವರ್ಣಮ್ಮ ಕಾಫಿಯ ತಟ್ಟೆ ಹಿಡಿದು ಮೆಟ್ಟಿಲು ಹತ್ತಿ ಬಂದವಳು ಚೀಲವನ್ನು ನೋಡಿ ಬಾಗಿಲಲ್ಲೇ ನಿಂತಳು. "ಅಯ್ಯೋ, ಇದು ನಿಮ್ಮ ಹೊಸ ಚೀಲ ಅಲ್ವೇನ್ರೀ? ಅವತ್ತು ದೇವರ ಮನೆ ಗೂಟಕ್ಕೆ ಹಾಕಿದ್ರಲ್ಲ. ಹೊಸ ಸಾಮಾನು ಅಂತ ನಾನೇ ಇಟ್ಟೆ. ನೀವು ಬೈತೀರ ಅಂತ ಒಳಗಡೆ, ಯಾರಿಗೂ ಕಾಣದ ಹಂಗೆ ಇಟ್ಟಿದ್ದೆ ಕಣ್ರೀ." ಬಸವಕುಮಾರ್ ಮುನೀರ್ ಸಾಬರ ಮುಖ ನೋಡಿದ, ಸಮಿತಿಯ ಒಬ್ಬೊಬ್ಬರ ಮುಖವನ್ನೂ ನೋಡಿದ, ಕೊನೆಗೆ ಗಂಗಯ್ಯನ ಮುಖ ನೋಡಿದ. ಇವನು ನಮ್ಮವನು ಎಂದು ಯಾರೂ ಬಾಯಿ ತೆರೆಯಲಿಲ್ಲ.